ರೈಟರ್ ಬರೆದದ್ದು, ದುಭಾಷಿ ಆಡಿದ್ದು

ಚಿಕ್ಕಮಗಳೂರು, ಕೊಡಗಿನ ಕಡೆ ಕಾಫಿ ತೋಟದ ರೈಟರ್ ಎಂದರೆ ಕತೆ ಕಾದಂಬರಿ ಬರೆಯುವವರಲ್ಲ. ಆಳುಗಳ ಹಾಜರಿ ಹಾಕುವವರು, ಬಟವಾಡೆಯ ಲೆಕ್ಕ ಇಡುವವರು. ಪೊಲೀಸ್ ಠಾಣೆಯಲ್ಲೂ ಒಬ್ಬ ರೈಟರ್ ಇರುತ್ತಾರೆ. ದೂರು ಹೇಳಿಕೊಂಡು ಹೋದವರು ಎಷ್ಟೇ ಗೋಳಾಡಲಿ, ಅದು ರೈಟರ್ ಕೈಯಿಂದ ಕಾಗದಕ್ಕೆ ಇಳಿದ ಮೇಲೆಯೇ ದೂರು ಅನ್ನಿಸಿಕೊಳ್ಳುವುದು.

ಬರೆಯುವ ನೌಕರನಿಗೆ ಈ ಹೆಸರು ಹಳೆಯದು. ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿ ಅತ್ಯಂತ ಕೆಳಗಿನ ಮೆಟ್ಟಿಲಿಗೆ ರೈಟರ್ ಎಂದೇ ಹೆಸರಿತ್ತು. ಅದರ ಮೇಲೆ ಫ್ಯಾಕ್ಟರ್, ಆಮೇಲೆ ಕಿರಿಯ ವರ್ತಕ, ಹಿರಿಯ ವರ್ತಕ. ಹದಿಹರೆಯದ ಹುಡುಗರು ವರ್ಷಕ್ಕೆ 5 ಪೌಂಡ್ ಸಂಬಳದ ಮೇಲೆ ಹಡಗು ಹತ್ತಿ ಮದ್ರಾಸಿಗೋ ಸೂರತ್ತಿಗೋ ಕಲ್ಕತ್ತೆಗೋ ಬರುತ್ತಿದ್ದರು. ಬಂದವರ ಮುಖ್ಯ ಕೆಲಸ ಕಾಗದ ನಕಲು ಮಾಡುವುದು. ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗ್‌ಗೆ ಆ ಹೆಸರು ಬಂದದ್ದು ಈ ಹುಡುಗರಿಂದ.

ಲಂಡನ್ನಿನ ಒಂದು ವ್ಯಾಪಾರಿ ಸಂಸ್ಥೆಗೆ ಇಷ್ಟೊಂದು ನಕಲುಗಾರರು ಏಕೆ ಬೇಕಾದರು? ಅಷ್ಟು ಬರೆದರೂ ಅದೇ ಸಂಸ್ಥೆ ತಾನು ವ್ಯಾಪಾರ ಮಾಡುವ ಊರಿನವರೊಡನೆ ಒಂದು ಮಾತಾಡಬೇಕಾದರೆ ಇನ್ನೊಬ್ಬರ ನಾಲಿಗೆಯನ್ನು ಏಕೆ ನಂಬಬೇಕಾಯಿತು? ಕಂಪನಿಯ ಒಳಗಿನ ವ್ಯವಹಾರವೆಲ್ಲ ಕಾಗದದ ಮೇಲೆ ನಡೆಯಿತು. ಹೊರಗಿನದು ಬಾಯಿಮಾತಿನಲ್ಲಿ, ಅದೂ ಎರವಲು ಬಾಯಿಯಲ್ಲಿ ನಡೆಯಿತು. ಈ ಎರಡರ ನಡುವಿನ ಹೊಸಿಲಿನ ಮೇಲೆ ಯಾರು ನಿಂತಿದ್ದರೋ ಅವರ ಕೈಗೆ ದುಡ್ಡೂ ಬಂತು, ಅಧಿಕಾರವೂ ಬಂತು, ಕೊನೆಗೆ ಅಪವಾದವೂ ಬಂತು.

ಒಳಗಿನ ಕಾಗದ

ಕಂಪನಿ ಹುಟ್ಟಿದ್ದು 1600ರ ಕೊನೆಯ ದಿನ. ಷೇರುದಾರರು ಪ್ರತಿವರ್ಷ ಆರಿಸುವ 24 ನಿರ್ದೇಶಕರು ಲಂಡನ್ನಿನಲ್ಲಿ ಕೂತು ಅದನ್ನು ನಡೆಸುತ್ತಿದ್ದರು. ಅವರ ಮಳಿಗೆಗಳು, ಅಂದರೆ ಆ ಕಾಲದ ಮಾತಿನ ಫ್ಯಾಕ್ಟರಿಗಳು, ಇದ್ದದ್ದು ಅರ್ಧ ಭೂಮಿಯ ಆಚೆ. ಆಫ್ರಿಕದ ತುದಿ ಸುತ್ತಿ ಬರುವ ಹಾಯಿಹಡಗಿಗೆ ಆರು ತಿಂಗಳು ಬೇಕು, ಗಾಳಿ ಕೈಕೊಟ್ಟರೆ ಎಂಟು. ಮುಂಗಾರು ಮಾರುತದ ಲೆಕ್ಕ ನೋಡಿಕೊಂಡೇ ಹಡಗುಗಳು ಹೊರಡಬೇಕಿದ್ದರಿಂದ ಲಂಡನ್ನಿನಲ್ಲಿ ಕೇಳಿದ ಪ್ರಶ್ನೆಗೆ ಮದ್ರಾಸಿನ ಉತ್ತರ ಕೈಸೇರಲು ಒಂದೂವರೆ ವರ್ಷವೋ ಎರಡು ವರ್ಷವೋ ಹಿಡಿಯುತ್ತಿತ್ತು.

ಇಷ್ಟು ದೂರದಿಂದ ನೌಕರರ ಮೇಲೆ ಕಣ್ಣಿಡುವುದು ಹೇಗೆ? ನಿರ್ದೇಶಕರು ಕಂಡುಕೊಂಡ ಉಪಾಯ ಬರವಣಿಗೆ. ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಗವರ್ನರನೂ ಅವನ ಕೌನ್ಸಿಲ್ಲೂ ಸಭೆ ಸೇರಿದಾಗ ಯಾರು ಹಾಜರಿದ್ದರು, ಯಾವ ಕಾಗದ ಓದಲಾಯಿತು, ಏನು ತೀರ್ಮಾನವಾಯಿತು ಎಂಬುದೆಲ್ಲ ಸಮಾಲೋಚನೆಯ ಪುಸ್ತಕಕ್ಕೆ ಹೋಗಬೇಕು. ಒಪ್ಪದ ಸದಸ್ಯ ತನ್ನ ಭಿನ್ನಮತವನ್ನು ಕಾರಣ ಸಮೇತ ಬರೆದಿಡಬೇಕು. ಆ ಪುಸ್ತಕದ ಪ್ರತಿ ಲಂಡನ್ನಿಗೆ ಹೋಗಬೇಕು. ಅದರ ಜೊತೆ ಹೋಗುವ ದೊಡ್ಡ ಪತ್ರದಲ್ಲಿ ಪ್ರತಿ ಪರಿಚ್ಛೇದಕ್ಕೂ ಒಂದು ಸಂಖ್ಯೆ. ಲಂಡನ್ನಿನ ಉತ್ತರವೂ ಸಂಖ್ಯೆ ಹಿಡಿದೇ ಬರುತ್ತಿತ್ತು. ನಿಮ್ಮ ಹದಿನಾಲ್ಕನೆಯ ಪರಿಚ್ಛೇದದಲ್ಲಿ ಹೇಳಿದ ದಾಸ್ತಾನಿನ ವಿಷಯಕ್ಕೆ ನಮ್ಮ ಅಭಿಪ್ರಾಯ ಹೀಗೆ, ಹದಿನೈದನೆಯದಕ್ಕೆ ಹೀಗೆ ಎಂದು. ಎರಡು ವರ್ಷದ ಅಂತರದಲ್ಲಿ ನಡೆಯುವ ಮಾತುಕತೆಯ ಎಳೆ ತಪ್ಪದಿರಲು ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

ಹಡಗು ಮುಳುಗಬಹುದು, ಶತ್ರುವಿನ ಕೈಗೆ ಸಿಗಬಹುದು. ಅದಕ್ಕೇ ಒಂದು ಪತ್ರದ ಎರಡು ಮೂರು ಪ್ರತಿಗಳನ್ನು ಬೇರೆ ಬೇರೆ ಹಡಗುಗಳಲ್ಲಿ ಕಳಿಸುತ್ತಿದ್ದರು. ರೈಟರ್ ಹುಡುಗರ ಬೆರಳು ಸವೆದದ್ದು ಇಲ್ಲಿ. ಯುದ್ಧಕಾಲದಲ್ಲಿ ಗುಟ್ಟಿನ ಪತ್ರಗಳಿಗೆ ಭಾರ ಕಟ್ಟಿ ಇಡುತ್ತಿದ್ದರು. ಫ್ರೆಂಚರ ಹಡಗು ಮೇಲೆ ಬಿದ್ದರೆ ಮೊದಲು ಕಡಲಿಗೆ ಹೋಗಬೇಕಾದದ್ದು ಅವು.

ವ್ಯವಸ್ಥೆ ಬಿಗಿಯಾಗಿತ್ತು, ಆದರೆ ಅದರಲ್ಲಿ ಎರಡು ಕಿಂಡಿಗಳಿದ್ದವು. ಮೊದಲನೆಯದು ಕಾಲ. ಲಂಡನ್ನಿನ ಅಪ್ಪಣೆ ಬರುವ ಹೊತ್ತಿಗೆ ಪರಿಸ್ಥಿತಿ ಬದಲಾಗಿರುತ್ತಿತ್ತು. ಸ್ಥಳದಲ್ಲಿರುವವನು ಮೊದಲು ಮಾಡಿ ಆಮೇಲೆ ಬರೆಯುತ್ತಿದ್ದ, ಮಾಡಿದ್ದನ್ನು ಸಮರ್ಥಿಸುವ ಹಾಗೆ ಬರೆಯುತ್ತಿದ್ದ. ಎರಡನೆಯದು ಖಾಸಗಿ ಪತ್ರ. ಅಧಿಕೃತ ಪತ್ರ ಹೊತ್ತ ಹಡಗಿನಲ್ಲೇ ನೌಕರರು ತಮ್ಮ ಬಂಧುಗಳಿಗೆ, ತಮಗೆ ಕೆಲಸ ಕೊಡಿಸಿದ ದೊಡ್ಡವರಿಗೆ ಬರೆದ ಓಲೆಗಳೂ ಇರುತ್ತಿದ್ದವು. ಸಮಾಲೋಚನೆಯ ಪುಸ್ತಕದಲ್ಲಿ ಎಲ್ಲರೂ ಒಮ್ಮತದಿಂದಿದ್ದರೆ, ಖಾಸಗಿ ಓಲೆಯಲ್ಲಿ ಒಬ್ಬರ ಮೇಲೊಬ್ಬರ ಚಾಡಿ. ನಿರ್ದೇಶಕರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುತ್ತಿದ್ದರು. ಕಚೇರಿಯ ಸುತ್ತೋಲೆಗಿಂತ ಕ್ಯಾಂಟೀನಿನ ಮಾತನ್ನೇ ನಂಬುವ ಅಭ್ಯಾಸ ಇಂದಿನದಲ್ಲ.

ಹೊಸಿಲಿನಾಚೆ

ಕಾಗದದಲ್ಲಿ ಆಡಿದ ಮಾತಿನ ತಿರುಳು ಬಟ್ಟೆ. 17ನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಜನ ಕೋರಮಂಡಲದ ಚೀಟಿ ಬಟ್ಟೆಗೆ, ಬಿಳಿ ಹತ್ತಿ ಬಟ್ಟೆಗೆ ಮರುಳಾಗಿದ್ದರು. ಕಲ್ಲಿಕೋಟೆಯ ಹೆಸರೇ ಇಂಗ್ಲಿಷಿನಲ್ಲಿ ಕ್ಯಾಲಿಕೋ ಆಯಿತು. ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರು ದಂಗೆ ಎದ್ದು, ಪಾರ್ಲಿಮೆಂಟು 1700ರಲ್ಲಿ ಒಮ್ಮೆ, 1721ರಲ್ಲಿ ಇನ್ನೊಮ್ಮೆ ಈ ಬಟ್ಟೆಯ ವಿರುದ್ಧ ಕಾನೂನು ಮಾಡಬೇಕಾಯಿತು.

ಪ್ರತಿವರ್ಷ ಲಂಡನ್ನಿನಿಂದ ಒಂದು ಪಟ್ಟಿ ಬರುತ್ತಿತ್ತು. ಯಾವ ಜಾತಿಯ ಬಟ್ಟೆ, ಎಷ್ಟು ಸಾವಿರ ತಾನು, ಎಷ್ಟು ಉದ್ದ, ಎಷ್ಟು ಅಗಲ, ಯಾವ ಬಣ್ಣ. ನವಿರಾದ ನೇಯ್ಗೆ, ಒತ್ತಾದ ನೇಯ್ಗೆ ಎಂದು ಬರೆದರೆ ಓದುವವನಿಗೆ ಏನು ತಿಳಿದೀತು? ಆದ್ದರಿಂದ ಮಾದರಿ ತುಂಡುಗಳೂ ಓಡಾಡುತ್ತಿದ್ದವು. ಮಾತು ಸೋಲುವ ಕಡೆ ಬಟ್ಟೆಯೇ ಮಾತಾಡಬೇಕು. ನೇಯ್ದು ಬಂದ ಬಟ್ಟೆಯನ್ನು ಮಾದರಿಯ ಪಕ್ಕದಲ್ಲಿ ಹಿಡಿದು ಒಂದನೆಯ ದರ್ಜೆ, ಎರಡನೆಯದು, ಮೂರನೆಯದು ಎಂದು ವಿಂಗಡಿಸಿ ಬೆಲೆ ಕಟ್ಟುತ್ತಿದ್ದರು.

ಪಟ್ಟಿ ಇಂಗ್ಲಿಷಿನಲ್ಲಿತ್ತು. ಮಗ್ಗದ ಮುಂದೆ ಕೂತವರು ತೆಲುಗರು, ತಮಿಳರು, ಕೆಲವು ಕಡೆ ಕನ್ನಡಿಗರು. ನಡುವೆ ಇದ್ದದ್ದು ಬರೀ ಒಂದು ಭಾಷೆಯ ಅಂತರ ಅಲ್ಲ. ಕರಾವಳಿಯ ವ್ಯಾಪಾರದ ಮಾತು ಆಗ ಬಹುಮಟ್ಟಿಗೆ ಪೋರ್ಚುಗೀಸು. ಅವರು ಈ ತೀರಕ್ಕೆ ನೂರು ವರ್ಷ ಮೊದಲೇ ಬಂದಿದ್ದರಿಂದ ಇಂಗ್ಲಿಷರೂ ಅದನ್ನೇ ಮುರುಕುಮುರುಕಾಗಿ ಆಡಬೇಕಾಯಿತು. ಚಾವಿ, ಇಸ್ತ್ರಿ, ಪಾದ್ರಿ ಎಂಬ ಮಾತುಗಳು ನಮ್ಮ ಮನೆಗಳಲ್ಲಿ, ಹರಾಜಿಗೆ ಲಿಲಾವು ಎಂಬ ಮಾತು ಉತ್ತರ ಕರ್ನಾಟಕದ ಪೇಟೆಗಳಲ್ಲಿ ಉಳಿದದ್ದು ಆ ಕಾಲದ ಋಣ. ಇಂಗ್ಲಿಷಿನ ಪಟ್ಟಿ ಪೋರ್ಚುಗೀಸಿನಲ್ಲಿ ಹಾದು ತೆಲುಗಿಗೋ ತಮಿಳಿಗೋ ಇಳಿದು ಮಗ್ಗ ಮುಟ್ಟುವುದರೊಳಗೆ ಹಲವು ಬಾಯಿಗಳನ್ನು ದಾಟಿರುತ್ತಿತ್ತು.

ಈ ದಾರಿಯ ಕೀಲಿಕೈ ಇದ್ದದ್ದು ಎರಡು ಭಾಷೆ ಬಲ್ಲವನ ಕೈಯಲ್ಲಿ. ಅವನೇ ದುಭಾಷಿ. ಇಂಗ್ಲಿಷರ ಬಾಯಲ್ಲಿ ದುಬಾಷ್. ಬಂಗಾಳದಲ್ಲಿ ಅವನನ್ನು ಬನಿಯಾನ್ ಎಂದರು. ಹೆಸರಿನಲ್ಲಿ ಭಾಷೆ ಇದ್ದರೂ ಅವನ ಕೆಲಸ ಅನುವಾದಕ್ಕೆ ನಿಲ್ಲುತ್ತಿರಲಿಲ್ಲ. ಹೊಸದಾಗಿ ಹಡಗಿಳಿದ ಹುಡುಗನಿಗೆ ಮನೆ, ಆಳು, ಕುದುರೆ ಹೊಂದಿಸುವವನು ಅವನು. 5 ಪೌಂಡ್ ಸಂಬಳದ ರೈಟರ್ ಖಾಸಗಿ ವ್ಯಾಪಾರ ಮಾಡಲು ಹೊರಟರೆ ಬಂಡವಾಳ ಸಾಲ ಕೊಡುವವನೂ ಅವನೇ. ಧಣಿಗೆ ಆಳು, ಆಳಿಗೆ ಧಣಿ ಸಾಲಗಾರ. ಯಾರ ಮಾತನ್ನು ಯಾರು ಆಡುತ್ತಿದ್ದಾರೆ ಎಂದು ಹೇಳುವುದು ಕಷ್ಟ.

ಮದ್ರಾಸಿನ ಮೊದಲ ದಶಕಗಳಲ್ಲಿ ಬೇರಿ ತಿಮ್ಮಣ್ಣ, ಅವನ ನಂತರ 1680ರಲ್ಲಿ ತೀರಿಕೊಳ್ಳುವವರೆಗೆ ಕಾಸಿ ವೀರಣ್ಣ, ಕಂಪನಿಯ ಪ್ರಧಾನ ವರ್ತಕರಾಗಿದ್ದರು. ಬಟ್ಟೆಯ ಪಟ್ಟಿ ಅವರ ಕೈಗೆ ಬಂದ ಮೇಲೆ ಒಳನಾಡಿನ ನೇಕಾರರಿಗೆ ಮುಂಗಡ ಹಂಚುವುದು, ಗೋಲ್ಕೊಂಡದ ಅಧಿಕಾರಿಗಳನ್ನು ಸಮಾಧಾನಪಡಿಸುವುದು, ಸರಕು ಕೋಟೆಗೆ ಮುಟ್ಟಿಸುವುದು ಎಲ್ಲ ಅವರ ಹೊಣೆ. ಕೋಟೆಯ ಬಾಗಿಲಿನಾಚೆ ಏನು ನಡೆಯುತ್ತದೆ ಎಂಬುದು ಕಂಪನಿಗೆ ಅವರು ಹೇಳಿದಷ್ಟೇ ಗೊತ್ತಿತ್ತು.

ದುಭಾಷಿಗಳು ಲೆಕ್ಕ ಬರೆದರು. ತಮ್ಮ ಕಥೆ ಬರೆದವರು ತೀರ ಕಡಿಮೆ. ಅದಕ್ಕೆ ದೊಡ್ಡ ಅಪವಾದ ಆನಂದರಂಗ ಪಿಳ್ಳೆ, ಪುದುಚೇರಿಯ ಫ್ರೆಂಚ್ ಕಂಪನಿಯ ದುಭಾಷಿ. 1709ರಲ್ಲಿ ಹುಟ್ಟಿದ ಪಿಳ್ಳೆ 1736ರಲ್ಲಿ ತಮಿಳಿನಲ್ಲಿ ದಿನಚರಿ ಬರೆಯತೊಡಗಿ 1761ರಲ್ಲಿ ಸಾಯುವವರೆಗೂ ಬರೆದ. ಗವರ್ನರ್ ಡೂಪ್ಲೆಯ ಕಾಲದಲ್ಲಿ, 1747ರಲ್ಲಿ, ಅವನು ಪ್ರಧಾನ ದುಭಾಷಿಯಾದ. ಯಾವ ಹಡಗು ಬಂತು, ಏನು ಹೊತ್ತು ತಂದಿತು, ಎಷ್ಟು ತೋಪು ಹಾರಿಸಿದರು, ಯಾವ ಸರದಾರ ಏನು ಉಡುಗೊರೆ ಕಳಿಸಿದ, ಗವರ್ನರ್ ತನಗೆ ಏನು ಹೇಳಿದ, ತಾನು ಏನು ಉತ್ತರ ಕೊಟ್ಟೆ ಎಂಬುದೆಲ್ಲ ಅಲ್ಲಿದೆ. ಡೂಪ್ಲೆಯ ಹೆಂಡತಿ ಜೀನ್ ಇಲ್ಲೇ ಹುಟ್ಟಿ ಬೆಳೆದವಳು, ತಮಿಳು ಬಲ್ಲವಳು. ಅವಳು ಊರಿನವರೊಡನೆ ನೇರವಾಗಿ ವ್ಯವಹರಿಸತೊಡಗಿದಾಗ ಪಿಳ್ಳೆಗೆ ಆದ ಕಸಿವಿಸಿ ದಿನಚರಿಯುದ್ದಕ್ಕೂ ಕಾಣುತ್ತದೆ. ಅದು ಬರೀ ಹೊಟ್ಟೆಕಿಚ್ಚಲ್ಲ. ಧಣಿಯ ಮನೆಯಲ್ಲೇ ಇನ್ನೊಬ್ಬರಿಗೆ ಭಾಷೆ ಬಂದರೆ ದುಭಾಷಿಯ ಅನ್ನಕ್ಕೇ ಕಲ್ಲು.

ಕೆಂಪು ಕಾಗದ

ಒಳಗಿನ ಕಾಗದಕ್ಕೂ ಹೊರಗಿನ ಮಾತಿಗೂ ಎಷ್ಟು ಅಂತರ ಬೆಳೆಯಬಹುದು ಎಂಬುದಕ್ಕೆ 1757ರ ಬಂಗಾಳದಲ್ಲಿ ಒಂದು ಸಾಕ್ಷಿ ಇದೆ. ನವಾಬ ಸಿರಾಜುದ್ದೌಲನನ್ನು ಇಳಿಸಿ ಮೀರ್ ಜಾಫರನನ್ನು ಕೂರಿಸಲು ರಾಬರ್ಟ್ ಕ್ಲೈವ್ ಮತ್ತು ಕಲ್ಕತ್ತೆಯ ಸಮಿತಿ ಸಂಚು ಹೂಡಿತ್ತು. ಸಂಚಿನ ಓಡಾಟದಲ್ಲಿ ಕಲ್ಕತ್ತೆಯ ದೊಡ್ಡ ವರ್ತಕ ಅಮೀರ್‌ಚಂದ್ ಕೂಡ ಇದ್ದ. ಬಹಳ ವರ್ಷ ಕಂಪನಿಗೆ ಸರಕು ಒದಗಿಸಿದವನು, ದರಬಾರಿನ ಒಳಹೊರಗು ಬಲ್ಲವನು. ತನಗೆ ಭಾರಿ ಪಾಲು ಬೇಕು, ಅದು ಒಪ್ಪಂದದಲ್ಲೇ ಬರೆದಿರಬೇಕು, ಇಲ್ಲದಿದ್ದರೆ ಗುಟ್ಟು ರಟ್ಟಾಗುತ್ತದೆ ಎಂದ.

ಕ್ಲೈವ್ ಎರಡು ಒಪ್ಪಂದ ಬರೆಸಿದ. ಬಿಳಿ ಕಾಗದದ ಮೇಲಿನದು ನಿಜವಾದದ್ದು, ಅದರಲ್ಲಿ ಅಮೀರ್‌ಚಂದನ ಹೆಸರಿಲ್ಲ. ಕೆಂಪು ಕಾಗದದ ಮೇಲಿನದು ಅವನಿಗೆ ತೋರಿಸಲು. ಅಡ್ಮಿರಲ್ ವಾಟ್ಸನ್ ಕೆಂಪು ಕಾಗದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಅವನ ಸಹಿಯನ್ನು ಬೇರೆಯವರ ಕೈಯಲ್ಲಿ ಹಾಕಿಸಲಾಯಿತು. ಜೂನ್ 23ರಂದು ಪ್ಲಾಸಿ ಕದನ ಮುಗಿಯಿತು. ಕೆಲವು ದಿನಗಳ ನಂತರ ಲೆಕ್ಕ ತೀರಿಸುವ ಸಭೆಯಲ್ಲಿ, ಕೆಂಪು ಕಾಗದ ಮೋಸದ್ದು, ನಿನಗೆ ಏನೂ ಇಲ್ಲ ಎಂಬ ಮಾತನ್ನು ಕಂಪನಿಯ ಅಧಿಕಾರಿ ಸ್ಕ್ರಾಫ್ಟನ್ ಅಮೀರ್‌ಚಂದನಿಗೆ ಹೇಳಿದ. ಆ ಮಾತನ್ನು ಅವನು ಹಿಂದುಸ್ತಾನಿಯಲ್ಲೇ ಹೇಳಿದ ಎಂದು ಆ ಕಾಲದ ಇತಿಹಾಸಕಾರ ರಾಬರ್ಟ್ ಓರ್ಮ್ ದಾಖಲಿಸಿದ್ದಾನೆ. ಅಷ್ಟಕ್ಕೆ ದುಭಾಷಿ ಬೇಕಾಗಲಿಲ್ಲ.

ಈ ಕಥೆ ನಮಗೆ ಇಷ್ಟು ವಿವರವಾಗಿ ತಿಳಿದದ್ದು ಕಂಪನಿಯವರ ಬರಹದಿಂದಲೇ. ಹೊರಗಿನವನಿಗೆ ಸುಳ್ಳು ಕಾಗದ ಕೊಟ್ಟವರು ಒಳಗಿನ ಕಾಗದದಲ್ಲಿ ಅದನ್ನು ಮುಚ್ಚಿಡಲಿಲ್ಲ. ಮುಂದೆ ಪಾರ್ಲಿಮೆಂಟಿನ ಸಮಿತಿಯ ಮುಂದೆ ನಿಂತಾಗ ಕ್ಲೈವ್, ಅಂಥ ಸಂದರ್ಭದಲ್ಲಿ ಅದು ಸರಿಯೇ, ಮತ್ತೆ ಬೇಕಾದರೂ ಮಾಡುತ್ತೇನೆ ಎಂಬ ಧಾಟಿಯಲ್ಲಿ ಉತ್ತರಿಸಿದ. ಒಳಗೆ ಪ್ರಾಮಾಣಿಕತೆ ಎಂದರೆ ಎಲ್ಲವನ್ನೂ ಬರೆದು ಒಪ್ಪಿಸುವುದು. ಆ ನಿಯಮದ ವ್ಯಾಪ್ತಿ ಕೋಟೆಯ ಗೋಡೆಯವರೆಗೆ ಮಾತ್ರ.

ನೇಕಾರರ ಪಾಲಿಗೆ ಈ ಬದಲಾವಣೆ ಇನ್ನೊಂದು ರೂಪದಲ್ಲಿ ಬಂತು. ಬಂಗಾಳದಲ್ಲಿ ಕಂಪನಿ ಅಲ್ಲಿಯವರೆಗೆ ಸ್ವತಂತ್ರ ವರ್ತಕರಿಗೆ ಮುಂಗಡ ಕೊಟ್ಟು ಬಟ್ಟೆ ತರಿಸುತ್ತಿತ್ತು. 1753ರಲ್ಲಿ ಅದನ್ನು ಬಿಟ್ಟು ತನ್ನದೇ ಸಂಬಳದ ಗುಮಾಸ್ತರನ್ನು ಹಳ್ಳಿಗಳಿಗೆ ಕಳಿಸತೊಡಗಿತು. ಈಗ ಕನ್ನಡದಲ್ಲಿ ಗುಮಾಸ್ತ ಎಂದರೆ ಕಚೇರಿಯ ಮೂಲೆಯಲ್ಲಿ ತಲೆ ತಗ್ಗಿಸಿ ಕೂತವರು. ಆಗಿನ ಗುಮಾಸ್ತ ಸಿಪಾಯಿಗಳನ್ನು ಜೊತೆಗಿಟ್ಟುಕೊಂಡು ಬರುತ್ತಿದ್ದ. ಪ್ಲಾಸಿಯ ನಂತರ ಅವನ ಮಾತಿಗೆ ಎದುರಾಡುವವರೇ ಇಲ್ಲವಾಯಿತು. ಸ್ವತಂತ್ರ ವರ್ತಕನಿಗೆ ನೇಕಾರ ಬೇಕಿತ್ತು, ಆದ್ದರಿಂದ ಚೌಕಾಸಿ ಇತ್ತು, ಇಬ್ಬರ ಮಾತಿಗೂ ಜಾಗವಿತ್ತು. ಗುಮಾಸ್ತನದು ಅಪ್ಪಣೆ.

ವಿಲಿಯಂ ಬೋಲ್ಟ್ಸ್ ಎಂಬ ಕಂಪನಿಯ ಮಾಜಿ ನೌಕರ 1772ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿವರಿಸಿದ. ನೇಕಾರರ ಒಪ್ಪಿಗೆ ಕೇಳದೆ ಕರಾರು ಬರೆಸಿಕೊಳ್ಳುವುದು, ಬೇಡವೆಂದರೂ ಮುಂಗಡವನ್ನು ಸೊಂಟಕ್ಕೆ ಕಟ್ಟಿ ಕಳಿಸುವುದು, ಮೀರಿದರೆ ಛಡಿಯೇಟು. ಬೋಲ್ಟ್ಸ್ ಸಾಚಾ ಮನುಷ್ಯನೇನಲ್ಲ, ಅವನೂ ಖಾಸಗಿ ವ್ಯಾಪಾರದಲ್ಲಿ ದುಡ್ಡು ಬಾಚಿದವನೇ. ಆದರೆ ಅವನು ಮಾಡಿದ ಒಂದು ಕೆಲಸ ನೆನಪಿಡುವಂಥದ್ದು. 1768ರಲ್ಲಿ ಕಲ್ಕತ್ತೆಯ ಕೌನ್ಸಿಲ್ ಕಚೇರಿಯ ಬಾಗಿಲಿಗೆ ಒಂದು ಪ್ರಕಟಣೆ ಅಂಟಿಸಿದ. ಊರಲ್ಲಿ ಅಚ್ಚುಕೂಟ ಇಲ್ಲದ್ದು ದೊಡ್ಡ ಕೊರತೆ, ಎಲ್ಲರಿಗೂ ಸಂಬಂಧಿಸಿದ ಹಲವು ವಿಷಯಗಳು ತನ್ನ ಬಳಿ ಬರಹದಲ್ಲಿವೆ, ಬೇಕಾದವರು ಮನೆಗೆ ಬಂದು ಓದಬಹುದು ಎಂಬುದು ಅದರ ಸಾರಾಂಶ. ಅದೇ ವರ್ಷ ಕಂಪನಿ ಅವನನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೆ ಅಟ್ಟಿತು. ಒಳಗಿನ ಕಾಗದ ಹೊರಗಿನವರ ಕಣ್ಣಿಗೆ ಬೀಳುವುದು ಕಂಪನಿಗೆ ಯಾವ ಸುಳ್ಳಿಗಿಂತಲೂ ದೊಡ್ಡ ಅಪರಾಧ.

ಭಾಷೆ ಕಲಿತ ಕಂಪನಿ

ಭೂಮಿ ಕೈಗೆ ಬಂದ ಮೇಲೆ ದುಭಾಷಿ ಕಂಪನಿಯ ಕಣ್ಣಿಗೆ ಅಡ್ಡಗೋಡೆಯಂತೆ ಕಾಣತೊಡಗಿದ. ಬಟ್ಟೆಯ ವ್ಯಾಪಾರದಲ್ಲಿ ಅವನು ತಿಂದ ಕಮಿಷನ್ ಖರ್ಚಿಗೆ ಬರೆಯುವಂಥದ್ದು. ಕಂದಾಯದಲ್ಲಿ ಅವನು ಬಚ್ಚಿಟ್ಟ ಮಾಹಿತಿ ಎಂದರೆ ಸರ್ಕಾರದ ವರಮಾನ.

ಮದ್ರಾಸಿನಲ್ಲಿ ಈ ಅಸಮಾಧಾನಕ್ಕೆ ಒಂದು ಮುಖ ಸಿಕ್ಕಿತು. ಅವಧಾನಂ ಪಾಪಯ್ಯ ಅಲ್ಲಿ ಗವರ್ನರನ ಸ್ಥಾನದಲ್ಲಿದ್ದ ಜಾನ್ ಹಾಲೆಂಡ್ ಮತ್ತು ಅವನ ತಮ್ಮನ ದುಭಾಷಿ. ಟಿಪ್ಪು 1789ರ ಕೊನೆಗೆ ತಿರುವಾಂಕೂರಿನ ಕೋಟೆಸಾಲಿನ ಮೇಲೆ ಬಿದ್ದಾಗ ಮದ್ರಾಸ್ ಸರ್ಕಾರ ಕೈಕಟ್ಟಿ ಕೂತಿತ್ತು ಎಂದು ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕೆಂಡವಾದ ದಿನಗಳು ಅವು. ಹಾಲೆಂಡ್ ಸೋದರರು ಇಂಗ್ಲೆಂಡಿಗೆ ಹೋದರು. ಪಾಪಯ್ಯ ಇಲ್ಲೇ ಉಳಿದ. ಕಂಪನಿಯ ಒಬ್ಬ ಅಧಿಕಾರಿಯ ಹೆಸರು ಕೆಡಿಸಲು ಸಂಚು ಮಾಡಿದ ಆರೋಪದ ಮೇಲೆ 1792ರಲ್ಲಿ ವಿಚಾರಣೆ ನಡೆದು ಅವನು ತಪ್ಪಿತಸ್ಥನೆಂದು ತೀರ್ಪಾಯಿತು. ವಾಲ್ಟರ್ ಸ್ಕಾಟ್ ತನ್ನ ಕಾದಂಬರಿಯೊಂದರಲ್ಲಿ ಮೈಸೂರಿನ ಕಥೆ ಹೇಳುವಾಗ ಅದೇ ಹೆಸರಿನ ಕುಟಿಲ ದುಭಾಷಿಯನ್ನು ತಂದ. ಧಣಿಗಳ ಹೆಸರು ಮರೆತುಹೋಯಿತು, ನಾಲಿಗೆಯ ಹೆಸರು ಉಳಿಯಿತು.

ಅದೇ 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಬಾರಾಮಹಲ್ ಸೀಮೆಯನ್ನು, ಎಂದರೆ ಇಂದಿನ ಕೃಷ್ಣಗಿರಿ, ಧರ್ಮಪುರಿಯ ಸುತ್ತಿನ ನಾಡನ್ನು ಬಿಟ್ಟುಕೊಟ್ಟ. ಅದನ್ನು ನೋಡಿಕೊಳ್ಳಲು ಕಾರ್ನ್‌ವಾಲಿಸ್ ಮದ್ರಾಸಿನ ಸಿವಿಲ್ ಅಧಿಕಾರಿಗಳನ್ನು ಬಿಟ್ಟು ಸೇನೆಯ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್‌ನನ್ನು ಆರಿಸಿದ. ಸಿವಿಲ್ ಅಧಿಕಾರಿಗಳಲ್ಲಿ ನಾಡಿನ ಭಾಷೆ ಬಲ್ಲವರು ಇಲ್ಲವೆನ್ನುವಷ್ಟು ಕಡಿಮೆ, ಅವರು ದುಭಾಷಿಗಳ ಕೈಗೊಂಬೆಗಳು ಎಂಬುದೇ ಕಾರಣ. ರೀಡ್‌ನ ಸಹಾಯಕರಲ್ಲಿ ಒಬ್ಬ ಥಾಮಸ್ ಮನ್ರೋ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮನ್ರೋ ಕೆನರಾ ಜಿಲ್ಲೆಗೆ ಬಂದ, ಮರುವರ್ಷ ಬಳ್ಳಾರಿ ಒಳಗೊಂಡ ಬಿಟ್ಟುಕೊಟ್ಟ ಜಿಲ್ಲೆಗಳಿಗೆ ಹೋದ.

ಕರಾವಳಿಯಲ್ಲಿ ಮನ್ರೋಗೆ ಎದುರಾದದ್ದು ಇನ್ನೊಂದು ಬರವಣಿಗೆಯ ಲೋಕ. ಶಾನುಭೋಗರ ಬಳಿ ತಲೆಮಾರುಗಳ ಲೆಕ್ಕವಿತ್ತು. ಹುಣಸೆಬೀಜದ ಅಂಟಿಗೆ ಮಸಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಚಿ, ಬಳಪದಲ್ಲಿ ಬರೆಯುವ ಪುಸ್ತಕಕ್ಕೆ ನಮ್ಮಲ್ಲಿ ಕಡತ ಎಂದು ಹೆಸರು. ವರ್ತಕರೂ ಮಠಗಳೂ ಶಾನುಭೋಗರೂ ಬಳಸುತ್ತಿದ್ದದ್ದು ಅದನ್ನೇ. ವಿಧಾನಸೌಧದಲ್ಲಿ ಈಗ ಫೈಲಿಗೆ ಕಡತ ಎನ್ನುವುದು ಆ ಕಪ್ಪು ಬಟ್ಟೆಯ ನೆನಪು. ಕೆನರಾದ ಭೂಮಿ ಬಹುಕಾಲದಿಂದ ಖಾಸಗಿ ಒಡೆತನದಲ್ಲಿತ್ತು ಎಂದು ಮನ್ರೋ ವರದಿ ಬರೆದಾಗ ಅವನಿಗೆ ಆಧಾರವಾದದ್ದು ಶಾನುಭೋಗರ ಹಳೆಯ ಲೆಕ್ಕಗಳು. ಕಂಪನಿಯ ಕಾಗದ ಮೊದಲ ಬಾರಿಗೆ ಊರಿನ ಕಾಗದದೊಡನೆ ಮಾತಿಗೆ ಕೂತಿತು. ಆದರೂ ನಡುವೆ ಓದಿ ಹೇಳುವವನೊಬ್ಬ ಬೇಕೇ ಬೇಕಾಗಿತ್ತು.

ಈ ಅವಲಂಬನೆ ಕಳೆಯಲು ಕಂಪನಿ ಶಾಲೆ ತೆರೆಯಿತು. 1800ರಲ್ಲಿ ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜು, 1812ರಲ್ಲಿ ಮದ್ರಾಸಿನಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು. ಹೊಸದಾಗಿ ಬಂದ ಹುಡುಗರು ಇಲ್ಲಿ ತಮಿಳು, ತೆಲುಗು, ಕನ್ನಡ ಕಲಿಯಬೇಕು. ಮದ್ರಾಸಿನ ಕಾಲೇಜಿನ ಹಿಂದಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲಿ, ತೆಲುಗು ವ್ಯಾಕರಣವೊಂದಕ್ಕೆ ಬರೆದ ಟಿಪ್ಪಣಿಯಲ್ಲಿ, ತೆಂಕಣ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ತಾವೇ ಒಂದು ಕುಟುಂಬ ಎಂದು ಪದಗಳನ್ನು ಜೋಡಿಸಿ ತೋರಿಸಿದ. ಕನ್ನಡದ ಜೊತೆ ತುಳು, ಕೊಡವ ಭಾಷೆಗಳೂ ಆ ಕುಟುಂಬದಲ್ಲಿದ್ದವು. ಕಾಲ್ಡ್‌ವೆಲ್ಲರ ಪ್ರಸಿದ್ಧ ಗ್ರಂಥ ಬರಲು ಇನ್ನೂ 40 ವರ್ಷವಿತ್ತು. 1817ರಲ್ಲಿ ಸೆರಾಂಪುರದಿಂದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ, 1820ರಲ್ಲಿ ಮದ್ರಾಸಿನಿಂದ ಕಂಪನಿಯ ಅಧಿಕಾರಿ ಜಾನ್ ಮೆಕೆರೆಲ್‌ನ ವ್ಯಾಕರಣ, 1832ರಲ್ಲಿ ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್‌ನ ಕನ್ನಡ–ಇಂಗ್ಲಿಷ್ ನಿಘಂಟು ಬಂದವು.

ಕೇಶಿರಾಜ 13ನೆಯ ಶತಮಾನದಲ್ಲಿ ಕನ್ನಡಕ್ಕೆ ವ್ಯಾಕರಣ ಬರೆದದ್ದು ಕವಿಗಳಿಗಾಗಿ, ಮಾತಿನ ಶುದ್ಧಿಗಾಗಿ. ಹೊಸ ವ್ಯಾಕರಣಗಳ ಓದುಗರು ಪಾದ್ರಿಗಳು ಮತ್ತು ಕಲೆಕ್ಟರರು. ಪಾದ್ರಿಗೆ ಉಪದೇಶ ಮಾಡಬೇಕು, ಕಲೆಕ್ಟರನಿಗೆ ನಡುವಿನವನನ್ನು ಕಳಚಿಕೊಳ್ಳಬೇಕು. ಆದರೆ ಆ ಹುಡುಗರಿಗೆ ಭಾಷೆ ಕಲಿಸಿದ ಮುನ್ಷಿಗಳು ಯಾರು? ದುಭಾಷಿಗಳು ಬಂದ ಅಕ್ಷರಸ್ಥ ವರ್ಗದವರೇ. ದುಭಾಷಿ ತನ್ನ ಕೆಲಸ ಕಳೆಯುವ ಪಾಠವನ್ನು ತಾನೇ ಹೇಳಿಕೊಟ್ಟ.

ಹದಿನಾಲ್ಕು ಕಿಲೋಮೀಟರ್

ಇಲ್ಲಿ ಭಾಷೆ ಕಲಿಯುವ ಕೆಲಸ ನಡೆದಿದ್ದಾಗ ಲಂಡನ್ನಿನ ಕಚೇರಿ ಬೇರೆಯೇ ದಿಕ್ಕಿನಲ್ಲಿತ್ತು. 1817ರಲ್ಲಿ ಜೇಮ್ಸ್ ಮಿಲ್ ಭಾರತದ ದೊಡ್ಡ ಇತಿಹಾಸ ಪ್ರಕಟಿಸಿದ. ಅವನು ಭಾರತಕ್ಕೆ ಬಂದವನಲ್ಲ, ಇಲ್ಲಿನ ಭಾಷೆ ಬಲ್ಲವನೂ ಅಲ್ಲ. ಅದು ಕೊರತೆಯಲ್ಲ, ಕಾಗದಗಳನ್ನು ಓದಿ ಇಂಗ್ಲೆಂಡಿನಲ್ಲೇ ಕೂತವನು ಭಾರತವನ್ನು ಹೆಚ್ಚು ಚೆನ್ನಾಗಿ ತಿಳಿಯಬಲ್ಲ ಎಂದು ಮುನ್ನುಡಿಯಲ್ಲಿ ವಾದಿಸಿದ. ಎರಡು ವರ್ಷದ ನಂತರ ಕಂಪನಿ ಅವನಿಗೆ ಪತ್ರ ಕರಡು ಮಾಡುವ ಕೆಲಸ ಕೊಟ್ಟಿತು. 1823ರಲ್ಲಿ ಅವನ 17 ವರ್ಷದ ಮಗ ಅದೇ ಕಚೇರಿ ಸೇರಿದ. ಮುಂದೆ ಸ್ವಾತಂತ್ರ್ಯದ ತತ್ವವನ್ನು ಬರೆದು ಹೆಸರಾದ ಜಾನ್ ಸ್ಟುವರ್ಟ್ ಮಿಲ್ 35 ವರ್ಷ ಮಾಡಿದ ಉದ್ಯೋಗ ಇದು. ಭಾರತಕ್ಕೆ ಹೋಗುವ ಪತ್ರಗಳನ್ನು ಬರೆಯುವುದು, ಒಟ್ಟು 1,700ರಷ್ಟು.

1813ರಲ್ಲಿ ಕಂಪನಿಯ ಭಾರತ ವ್ಯಾಪಾರದ ಏಕಸ್ವಾಮ್ಯ ಹೋಯಿತು, 1833ರ ಕಾನೂನಿನಿಂದ ವ್ಯಾಪಾರವೇ ನಿಂತಿತು. ಬಟ್ಟೆಯ ಪಟ್ಟಿ ನಿಂತರೂ ಕಾಗದದ ಹೊಳೆ ಬತ್ತಲಿಲ್ಲ, ಇನ್ನೂ ಉಕ್ಕಿತು. ವ್ಯಾಪಾರ ಬಿಟ್ಟ ಕಂಪನಿಯಲ್ಲಿ ಉಳಿದದ್ದು ಅದರ ಪತ್ರವ್ಯವಹಾರದ ಪದ್ಧತಿ, ಅದೇ ಸರ್ಕಾರವಾಯಿತು. 1852ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಮಿಲ್ ಇದನ್ನು ಹೆಮ್ಮೆಯಿಂದಲೇ ಹೇಳಿದ. ಭಾರತದ ಆಡಳಿತವೆಲ್ಲ ಬರಹದಲ್ಲಿ ನಡೆಯುತ್ತದೆ, ಪ್ರತಿ ಅಪ್ಪಣೆ, ಪ್ರತಿ ಕೆಲಸ ದಾಖಲಾಗಿ ಲಂಡನ್ನಿಗೆ ಬರುತ್ತದೆ, ಅಧಿಕಾರಿ ತಪ್ಪು ಮಾಡಿದರೆ ಸಿಕ್ಕಿಬೀಳುತ್ತಾನೆ ಎಂದು.

ಆ ವಾದದಲ್ಲಿ ಹುರುಳಿತ್ತು. ಬರೆದಿಟ್ಟದ್ದರಿಂದಲೇ ಕ್ಲೈವನ ಕೆಂಪು ಕಾಗದ ಇಂದು ನಮಗೆ ಗೊತ್ತು. ಆದರೆ ದಾಖಲೆಗೆ ಹೋಗುವುದು ಕಾಗದದವರೆಗೆ ಬಂದದ್ದು ಮಾತ್ರ, ಅದೂ ಇಂಗ್ಲಿಷಿಗೆ ಬಂದದ್ದು ಮಾತ್ರ. 1835ರಲ್ಲಿ ಕಂಪನಿ ಇಂಗ್ಲಿಷ್ ಶಿಕ್ಷಣಕ್ಕೆ ಒತ್ತು ಕೊಟ್ಟಿತು, ಎರಡು ವರ್ಷದ ನಂತರ ಪಾರಸಿಯನ್ನು ಆಡಳಿತದಿಂದ ಕೈಬಿಟ್ಟಿತು. ಮೇಲಿನ ಕಚೇರಿಯ ಮಾತು ಇಂಗ್ಲಿಷಾಯಿತು. ಎರಡು ಶತಮಾನ ಕಂಪನಿ ಹೊತ್ತಿದ್ದ ಅನುವಾದದ ಭಾರವನ್ನು ಈಗ ಜನ ಹೊರಬೇಕಾಯಿತು. ಗದ್ದೆಯ ತಕರಾರು ಹೇಳಬೇಕಾದವನು ಅರ್ಜಿ ಬರೆಯುವವನನ್ನು ಹುಡುಕಿಕೊಂಡು ಹೋದ. ಕೋರ್ಟಿನ ಮುಂದಿನ ಮರದ ಕೆಳಗೆ ಸಣ್ಣ ಮೇಜು ಹಾಕಿ ಕೂತ ಅರ್ಜಿ ಬರಹಗಾರ ಹೊಸ ಕಾಲದ ದುಭಾಷಿ. ಹಳೆಯವನಿಗೆ ಕಮಿಷನ್ ಕೊಟ್ಟದ್ದು ಕಂಪನಿ, ಹೊಸಬನಿಗೆ ಕೊಟ್ಟದ್ದು ರೈತ.

1857ರ ಮೊದಲ ತಿಂಗಳುಗಳಲ್ಲಿ ಉತ್ತರ ಭಾರತದ ಹಳ್ಳಿಗಳಲ್ಲಿ ಚಪಾತಿಗಳು ಓಡಾಡಿದವು. ಒಂದೂರಿನ ಕಾವಲುಗಾರ ಮುಂದಿನೂರಿಗೆ ಕೊಟ್ಟ, ಅವನು ಇನ್ನಷ್ಟು ಸುಡಿಸಿ ಅದರಾಚೆಗೆ. ಕಂಪನಿಯ ಅಧಿಕಾರಿಗಳು ಅಚ್ಚುಕಟ್ಟಾಗಿ ವರದಿ ಬರೆದರು. ಎಷ್ಟು ಬಂದವು, ಯಾವ ದಿಕ್ಕಿಗೆ ಹೋದವು, ತಂದವರು ಯಾರು. ಅದರ ಅರ್ಥ ಏನೆಂದು ಯಾವ ವರದಿಯೂ ತೀರ್ಮಾನಿಸಲಾರದೆ ಹೋಯಿತು. ಇತಿಹಾಸಕಾರರು ಇಂದಿಗೂ ಆ ಬಗ್ಗೆ ಒಮ್ಮತಕ್ಕೆ ಬಂದಿಲ್ಲ. ಮೇ ತಿಂಗಳಲ್ಲಿ ಮೀರತ್ತಿನಲ್ಲಿ ದಂಗೆ ಎದ್ದಿತು. ಮರುವರ್ಷ ಕಂಪನಿಯ ಆಳ್ವಿಕೆ ಮುಗಿಯಿತು. ಅದನ್ನು ಉಳಿಸಿ ಎಂದು ಪಾರ್ಲಿಮೆಂಟಿಗೆ ಸಲ್ಲಿಸಿದ ಕೊನೆಯ ಮನವಿಯ ಕರಡನ್ನೂ ಮಿಲ್ಲನೇ ಬರೆದ.

ಆ ಕಚೇರಿಯ ಕಾಗದಗಳೂ ಅದರ ನಂತರದ ಆಡಳಿತದ ಕಾಗದಗಳೂ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಸುಮಾರು 14 ಕಿಲೋಮೀಟರ್ ಉದ್ದದ ಕಪಾಟುಗಳಲ್ಲಿವೆ. ಎದುರಿಗೆ ಇಡಲು ಆನಂದರಂಗ ಪಿಳ್ಳೆಯ ದಿನಚರಿ ಇದೆ. 1846ರಲ್ಲಿ ಪುದುಚೇರಿಯಲ್ಲಿ ಅದು ಮತ್ತೆ ಬೆಳಕಿಗೆ ಬಂತು. ಅದರ ಇಂಗ್ಲಿಷ್ ಅನುವಾದ 1904ರಿಂದ 1928ರವರೆಗೆ ಮದ್ರಾಸಿನಲ್ಲಿ 12 ಸಂಪುಟಗಳಾಗಿ ಹೊರಬಂತು. ಹೊಸಿಲಿನ ಮೇಲೆ ನಿಂತವರ ಕಡೆಯಿಂದ ಅಷ್ಟು ವಿಸ್ತಾರವಾದ ಬರಹ ಬೇರೆ ಇಲ್ಲ.

ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಸೇಂಟ್ ಜಾರ್ಜ್ ಕೋಟೆಯ ಸಮಾಲೋಚನೆಯ ಪುಸ್ತಕಗಳಿವೆ, ಹಲವು ಅಚ್ಚೂ ಆಗಿವೆ. 1670ರ ದಶಕದ ಪುಟಗಳಲ್ಲಿ ಕಾಸ ವೆರೋನ ಎಂಬ ವರ್ತಕನ ಹೆಸರು ಮತ್ತೆ ಮತ್ತೆ ಬರುತ್ತದೆ. ಹೆಸರು ಕೇಳಿದರೆ ಇಟಲಿಯವನೇ ಇರಬೇಕು ಅನ್ನಿಸುತ್ತದೆ. ಅವನು ಕಾಸಿ ವೀರಣ್ಣ. ಬಟ್ಟೆಯ ಉದ್ದ, ಅಗಲ, ದರ, ದರ್ಜೆ ಎಲ್ಲವನ್ನೂ ತಪ್ಪಿಲ್ಲದೆ ಬರೆದುಕೊಂಡ ಹುಡುಗರ ಕಿವಿಗೆ ಆ ಹೆಸರು ಬಿದ್ದದ್ದು ಹಾಗೆ.